ನೀಲಿ ಮುಚ್ಚಳದ ಕ್ಯಾನು

ಲಷ್ಕರ್ ಮೊಹಲ್ಲಾ, ಮೈಸೂರು
೧೬ ಮಾರ್ಚ್ ೨೦೨೫, ಭಾನುವಾರ ಮಧ್ಯಾಹ್ನ

ಪ್ರೀತಿಯ ಸ್ವೀಟಿ ಅಕ್ಕನಿಗೆ,

ಯೇಸುವಿಗೆ ಸ್ತೋತ್ರ. ನಿನ್ನ ಕ್ಷೇಮ ಕೇಳುವ ಮೊದಲೇ ಒಂದು ಮಾತು ಬರೆದುಬಿಡುತ್ತೇನೆ. ಇಲ್ಲದಿದ್ದರೆ ಬಿಸಿಲಿನ ಸುದ್ದಿ, ಅಮ್ಮನ ಮಂಡಿನೋವಿನ ಸುದ್ದಿ ಬರೆದು ಕಾಗದ ತುಂಬಿಸಿ ಅಂಟಿಸಿಬಿಡುತ್ತೇನೆ, ನನ್ನ ಮೇಲೆ ನನಗೇ ನಂಬಿಕೆಯಿಲ್ಲ. ವಿಜಯನಗರದ ಅಪಾರ್ಟ್‌ಮೆಂಟಿನಲ್ಲಿ ಕಕ್ಕಸು ತೊಳೆಯುವ ದೇವಿರಮ್ಮ ಹೈಪೋಗೆ ಆಸಿಡ್ ಸುರಿದು ಗ್ಯಾಸಿಗೆ ಬಿದ್ದರಲ್ಲ, ಅದು ಅವರ ತಪ್ಪಲ್ಲ. ನನ್ನ ತಪ್ಪು. ಅವರು ಬೀಳುವುದಕ್ಕೆ ಮೂರು ಗಂಟೆ ಮೊದಲೇ ಅದು ನನಗೆ ಗೊತ್ತಿತ್ತು. ಎರಡು ವರ್ಷದಿಂದ ನಿನ್ನಿಂದ ಮುಚ್ಚಿಟ್ಟಿದ್ದೆ.

ಈಗ ಕೇಳುತ್ತೇನೆ. ಹೇಗಿದ್ದೀಯ ಅಕ್ಕ? ಕೂನೂರಿನ ಚಳಿಗೆ ಬೆರಳುಗಳು ಒಡೆಯುತ್ತವೆ ಎಂದು ಬರೆದಿದ್ದೆ, ವಾಸಿಯಾಯಿತೆ? ಅಮ್ಮ ಕೊಬ್ಬರಿ ಎಣ್ಣೆ ಕಳಿಸಬೇಕು ಎನ್ನುತ್ತಾಳೆ. ಅಲ್ಲಿ ಹೆಪ್ಪುಗಟ್ಟುತ್ತದೆ ಅಂದರೆ ಕೇಳುವುದಿಲ್ಲ. ನಿಮ್ಮ ಕಾನ್ವೆಂಟಿನಲ್ಲಿ ಫೋನಿಲ್ಲ, ತಿಂಗಳಿಗೊಂದೇ ಪತ್ರ, ಅದನ್ನೂ ನಿಮ್ಮ ಮದರ್ ಮೊದಲು ಓದುತ್ತಾರೆಂದು ಗೊತ್ತು. ಓದಲಿ. ಅವರಿಗೂ ಅರ್ಥವಾಗಲಿ ಎಂದು ನಿನಗೆ ಗೊತ್ತಿರುವ ಸಂಗತಿಯನ್ನೂ ಬಿಡಿಸಿ ಬರೆಯುತ್ತೇನೆ. ಮದರ್, ನನ್ನ ಅಕ್ಷರಕ್ಕೆ ಕ್ಷಮೆಯಿರಲಿ. ಈ ಮನೆಯಲ್ಲಿ ಒಳ್ಳೆಯ ಅಕ್ಷರವಿದ್ದದ್ದು ಸ್ವೀಟಿಗೆ ಮಾತ್ರ, ಅದನ್ನು ನೀವು ತೆಗೆದುಕೊಂಡು ಹೋದಿರಿ.

ನಮ್ಮ ಅಂಗಡಿ ಈಗಲೂ ಹಾಗೆಯೇ ಇದೆ. ಮುಂದೆ ಪೊರಕೆ, ಬ್ರಷ್ಷು. ಹಿಂದಿನ ಕೋಣೆಯಲ್ಲಿ ಫಿನಾಯಿಲ್, ಬ್ಲೀಚಿಂಗ್ ಪೌಡರ್, ದೊಡ್ಡ ಡ್ರಮ್ಮುಗಳಲ್ಲಿ ಹೈಪೋ ಮತ್ತು ಆಸಿಡ್. ಹೈಪೋ ಅಂದರೆ ನೆಲ ಒರೆಸಲು, ಟ್ಯಾಂಕು ತೊಳೆಯಲು ಬಳಸುವ ಕ್ಲೋರಿನ್ ನೀರು. ಅದನ್ನೂ ಆಸಿಡನ್ನೂ ಒಂದೇ ಬಗೆಯ ಬಿಳಿ ಕ್ಯಾನುಗಳಿಗೆ ತುಂಬಿ ಮಾರುತ್ತೇವೆ. ಖಾಲಿ ಕ್ಯಾನು ವಾಪಸು ಬರುತ್ತದೆ, ಮತ್ತೆ ತುಂಬುತ್ತೇವೆ. ಹೈಪೋಗೆ ನೀಲಿ ಮುಚ್ಚಳ, ಆಸಿಡ್‌ಗೆ ಕೆಂಪು. ಚೀಟಿ ಗೀಟಿ ಏನೂ ಇಲ್ಲ. ನೀನೊಮ್ಮೆ ಹೆಸರು ಬರೆದು ಅಂಟಿಸೋಣ ಎಂದಾಗ ಅಪ್ಪ, “ಓದೋರ್ಯಾರು? ನೀಲಿ ನೆಲಕ್ಕೆ, ಕೆಂಪು ಕಕ್ಕಸಿಗೆ, ಅಷ್ಟು ಸಾಕು ಬುಡು” ಎಂದಿದ್ದರು. ಊರಿನ ಕೆಲಸದವರೆಲ್ಲ ಆ ಬಣ್ಣವನ್ನೇ ನಂಬಿದ್ದರು. ನಾವೂ ನಂಬಿದ್ದೆವು.

ಆ ಮೇ ತಿಂಗಳಲ್ಲಿ ಒಂದು ಸಂಜೆ ನಾನು ಆಸಿಡ್ ತುಂಬುತ್ತಿದ್ದೆ. ಕೆಂಪು ಮುಚ್ಚಳ ಮುಗಿದವು. ಮುಚ್ಚಳ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಬೇಕು ಎಂಬುದು ಅಪ್ಪನ ಕಟ್ಟಪ್ಪಣೆ. ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕೆಲಸ ಮುಗಿಸಿ ಹೊರಗೆ ಓಡಬೇಕಿತ್ತು. ಎಲ್ಲಿಗೆ ಎಂದು ಈಗ ನೆನಪೂ ಇಲ್ಲ, ಅಷ್ಟು ದೊಡ್ಡ ಕೆಲಸ! ಉಳಿದ ಐದು ಕ್ಯಾನಿಗೆ ನೀಲಿ ಮುಚ್ಚಳವನ್ನೇ ತಿರುಗಿಸಿ ಮೆಟ್ಟಿಲ ಕೆಳಗೆ ಬೇರೆಯಾಗಿ ಇಟ್ಟೆ. ಬೆಳಿಗ್ಗೆ ಎದ್ದು ಬದಲಿಸಿದರಾಯಿತು ಅಂದುಕೊಂಡೆ. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಪ್ಪ ವಿಜಯನಗರಕ್ಕೆ ಮಾಲು ಹಾಕಿ ಬಂದಾಗಿತ್ತು. ಹನ್ನೊಂದು ಗಂಟೆಗೆ, ವಾಪಸು ಬಂದ ಕ್ಯಾನುಗಳ ಕೆಂಪು ಮುಚ್ಚಳ ಹಿಡಿದು ಮೆಟ್ಟಿಲ ಕೆಳಗೆ ಕೂತೆ. ನಾಲ್ಕು ಕ್ಯಾನಿದ್ದವು. ಐದನೆಯದು ಇರಲಿಲ್ಲ. ಅಂಗಡಿಯಲ್ಲಿ ಹೈಪೋ ಒಂದು ಕ್ಯಾನು ಕಡಿಮೆ ಬಿದ್ದಿದೆ, ಅಪ್ಪ ನೀಲಿ ಮುಚ್ಚಳ ನೋಡಿ ಅಲ್ಲಿಂದ ಎತ್ತಿಕೊಂಡಿದ್ದಾರೆ. ಕೂತಲ್ಲೇ ಗೊತ್ತಾಯಿತು.

ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು ಅಕ್ಕ. ಅಪಾರ್ಟ್‌ಮೆಂಟಿನ ಸೂಪರ್‌ವೈಸರ್ ಗೋವಿಂದರಾಜು ಅವರ ನಂಬರು ಅಂಗಡಿಯ ಗೋಡೆಯ ಮೇಲೆಯೇ ಬರೆದಿತ್ತು. ಅದರ ಮುಂದೆ ಎಷ್ಟು ಹೊತ್ತು ನಿಂತೆನೋ. ಅಪ್ಪ ಬೈಯುತ್ತಾರೆ, ಗಿರಾಕಿ ಕೈಬಿಟ್ಟು ಹೋಗುತ್ತದೆ, ಹೊಸ ಕ್ಯಾನನ್ನು ಇವತ್ತೇ ಯಾರು ಬಿಚ್ಚುತ್ತಾರೆ ಎಂದು ಏನೇನೋ ಲೆಕ್ಕ. ಒಂದು ಗಂಟೆಗೆ ತಡೆಯಲಾರದೆ ಸ್ಕೂಟರ್ ತೆಗೆದೆ. ವಿಜಯನಗರದ ವಾಟರ್ ಟ್ಯಾಂಕ್ ತನಕ ಹೋದೆ. ಅಲ್ಲಿಂದ ಎರಡೇ ತಿರುವು. ವಾಚ್‌ಮನ್ ಕೇಳಿದರೆ ಏನು ಹೇಳುವುದು ಎಂದು ಯೋಚಿಸುತ್ತ ನಿಂತೆ, ಮತ್ತೆ ಗಾಡಿ ತಿರುಗಿಸಿಕೊಂಡು ಬಂದೆ. ಎರಡು ಗಂಟೆಗೆ ಅಂಗಡಿಯ ಫೋನ್ ಹೊಡೆದುಕೊಂಡಿತು.

ಉಳಿದದ್ದು ನಿನಗೆ ಗೊತ್ತು, ಆದರೆ ನಿನಗೆ ಗೊತ್ತಿರುವುದು ಅರ್ಧ. ದೇವಿರಮ್ಮ ನೆಲಮಾಳಿಗೆಯ ಕಕ್ಕಸುಕೋಣೆಯಲ್ಲಿದ್ದರು, ಕಿಟಕಿಯಿಲ್ಲದ್ದು. ಬಕೆಟ್ಟಿನಲ್ಲಿ ಹಳೆಯ ಹೈಪೋ ಸ್ವಲ್ಪ ಉಳಿದಿತ್ತು. ಸಾಲದು ಎಂದು ಹೊಸ ನೀಲಿ ಮುಚ್ಚಳದ ಕ್ಯಾನು ಬಿಚ್ಚಿ ಅದರ ಮೇಲೆ ಸುರಿದರು. ಬುಸ್ಸೆಂದು ಎದ್ದಿತಂತೆ. ಹೊರಗೆ ಓಡಿ ಬಂದವರು, ಮಕ್ಕಳು ಸೈಕಲ್ ಆಡುವ ಜಾಗ ಪಕ್ಕದಲ್ಲೇ ಇದೆಯೆಂದು ಬಕೆಟ್ಟನ್ನು ಎಳೆದು ಹಾಕಲು ಮೂಗಿಗೆ ಸೆರಗು ಕಟ್ಟಿಕೊಂಡು ಮತ್ತೆ ಒಳಗೆ ಹೋದರು. ಒಂದಲ್ಲ, ಎರಡು ಸಲ. ಎರಡನೆಯ ಸಲ ಬಾಗಿಲಲ್ಲೇ ಬಿದ್ದರು.

ಆಸ್ಪತ್ರೆಗೆ ಅಪ್ಪನ ಜೊತೆ ನೀನೂ ಬಂದಿದ್ದೆ, ನಾನು ಕಿತ್ತಳೆ ಹಣ್ಣಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಆರನೆಯ ದಿನವಿರಬೇಕು. ಅವರ ಮೂಗಿನಲ್ಲಿ ಇನ್ನೂ ಆಕ್ಸಿಜನ್ ನಳಿಕೆ ಇತ್ತು. ಗೋವಿಂದರಾಜು ಒಂದು ಬಿಳಿ ಹಾಳೆ ತಂದಿದ್ದರು. ನಿನ್ನ ಅಕ್ಷರ ಮುತ್ತಿನಂತಿದೆ, ನೀನೇ ಬರೆಯಮ್ಮ ಎಂದರು. “ನನ್ನ ಅಜಾಗರೂಕತೆಯಿಂದ ಎರಡು ದ್ರವಗಳನ್ನು ಬೆರೆಸಿದ್ದರಿಂದ ಅವಘಡವಾಯಿತು, ಯಾರ ಮೇಲೂ ನನ್ನ ದೂರಿಲ್ಲ” ಎಂದು ದೇವಿರಮ್ಮನ ಮಾತಾಗಿ ನೀನು ಬರೆದೆ. ದೇವಿರಮ್ಮ ಮೂರು ಸಲ ಹೇಳಿದರು, “ನಾನು ನೀಲಿ ಮುಚ್ಚಳದ್ದೇ ಉಯ್ದೆ ಕಣವ್ವ, ಕೆಂಪುದ್ದ ಮುಟ್ನೇ ಇಲ್ಲ.” ಗೋವಿಂದರಾಜು ನಕ್ಕು, “ಗ್ಯಾಸು ತಲೆಗೇರ್ಬುಟ್ಟದೆ, ಅದಕ್ಕೆ ಹಿಂಗಾಡ್ತಾವ್ಳೆ” ಎಂದರು. ನೀನು ಅವರ ಕೈ ನೇವರಿಸಿ, “ಗಾಬರೀಲಿ ನೆನಪಿರಲ್ಲ ದೇವಿರಮ್ಮ, ಇನ್ಮೇಲೆ ಹುಷಾರಾಗಿರಿ” ಎಂದೆ. ನಾಲ್ಕನೆಯ ಸಲ ಅವರು ಹೇಳಲಿಲ್ಲ. ಹೆಬ್ಬೆಟ್ಟಿಗೆಂದು ಗೋವಿಂದರಾಜು ಮಸಿ ತಂದಿದ್ದರು, ಆದರೆ ದೇವಿರಮ್ಮ ಪೆನ್ನು ತೆಗೆದುಕೊಂಡು ದೇ ವಿ ರ ಮ್ಮ ಎಂದು ಬಿಡಿಬಿಡಿಯಾಗಿ ಬರೆದು, ಹಾಳೆಯನ್ನು ಒಮ್ಮೆ ಓದಿಯೂ ನೋಡಿದರು. ಅವರಿಗೆ ಓದಲು ಬರುತ್ತಿತ್ತು ಅಕ್ಕ. ಕ್ಯಾನಿನ ಮೇಲೆ ಆಸಿಡ್ ಎಂದು ಮೂರಕ್ಷರ ಬರೆದಿದ್ದರೆ ಓದುತ್ತಿದ್ದರು.

ಆ ಕೋಣೆಯಲ್ಲಿ ನಿಜ ಗೊತ್ತಿದ್ದವರು ಬಾಯಿ ಬಿಡಲಿಲ್ಲ, ನಿಜ ಗೊತ್ತಿಲ್ಲದ ನೀನು ಬರೆದೆ. ಅದಕ್ಕೇ ಈ ಪತ್ರವನ್ನು ಮೊದಲು ನಿನಗೆ ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಉತ್ತರ ಬರೆಸಿದ್ದನ್ನು ತಪಾಸಣೆಗೆ ಬಂದವರ ಮುಂದೆ ಎದ್ದು ನಿಂತು ಹೇಳಿದವಳು ನಾನು. ಆಮೇಲೆ ಒಬ್ಬರೂ ಮಾತಾಡಿಸಲಿಲ್ಲ, ನಾನೂ ಶಾಲೆಯ ಕಡೆ ತಲೆಹಾಕಲಿಲ್ಲ. ಅಂದಿನಿಂದ ಮನೆಯಲ್ಲಿ ಒಂದೇ ಮಾತು, ನಮ್ಮ ಜೆನ್ನಿ ಓದಲಿಲ್ಲ, ಆದರೆ ಸುಳ್ಳು ಹೇಳಲ್ಲ. ಆ ಹೆಸರಿನ ನೆರಳಲ್ಲೇ ಕೂತಿದ್ದೆ. ನನ್ನನ್ನು ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ, ಯಾರೂ ಕೇಳಲಿಲ್ಲ, ಆದ್ದರಿಂದ ನಾನು ಸುಳ್ಳುಗಾರ್ತಿಯಲ್ಲ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಎರಡು ವರ್ಷದಿಂದ ಚರ್ಚಿನಲ್ಲಿ ಪರಮಪ್ರಸಾದ ತೆಗೆದುಕೊಂಡಿಲ್ಲ. ಪೂಜೆಯಲ್ಲಿ ಹಿಂದಿನ ಬೆಂಚಿನಲ್ಲೇ ಕೂರುತ್ತೇನೆ. ಈಸ್ಟರಿಗೆ ಮುಂಚೆ, ಈ ತಪಸ್ಸುಕಾಲದಲ್ಲಾದರೂ ಪಾಪನಿವೇದನೆ ಮಾಡು ಎಂದು ಬರೆದಿದ್ದೀಯಲ್ಲ, ದೇವಿರಮ್ಮನಿಗೆ ಹೇಳದೆ ಫಾದರ್‌ಗೆ ಹೇಳಿ ಹಗುರಾಗುವುದು ನನಗೆ ಬೇಡ.

ಈಗ ಯಾಕೆ ಬಾಯಿ ಬಂತು ಎನ್ನುತ್ತೀಯ. ನಾನು ಅಂಗಡಿ ಬಿಟ್ಟು ಹೂಟಗಳ್ಳಿಯ ಒಂದು ಯೂನಿಟ್ಟಿಗೆ ಸೇರಿ ನಾಲ್ಕು ತಿಂಗಳಾಯಿತು. ಈಜುಕೊಳಕ್ಕೆ ಹಾಕುವ ಕ್ಲೋರಿನ್ ಮಾತ್ರೆ, ಪುಡಿ ಡಬ್ಬಿಗೆ ತುಂಬುವ ಕೆಲಸ. ಅಲ್ಲಿ ಸುರಕ್ಷತೆಯ ಉಸ್ತುವಾರಿ ನಂಜುಂಡಸ್ವಾಮಿ ಎಂಬುವವರದ್ದು. ಕನ್ನಡಕ, ಗ್ಲೌಸು ಇಲ್ಲದೆ ಕಂಡರೆ ಅಲ್ಲೇ ಸಾಲಿನಿಂದ ಎಬ್ಬಿಸಿ ನಿಲ್ಲಿಸುತ್ತಾರೆ. ಮಳೆಗಾಲದಲ್ಲಿ ಒದ್ದೆ ಸೌಟು ಡಬ್ಬಿಗೆ ಹಾಕಿದವಳೊಬ್ಬಳನ್ನು ವಾರವಿಡೀ “ಏನಮ್ಮ ಒದ್ದೆ ಸೌಟು” ಎಂದೇ ಕರೆದರಂತೆ. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರು ಹಾಕಬಾರದು. ಬಿಸಿಲಲ್ಲಿ ಇಡಬಾರದು, ಎಣ್ಣೆ, ಸೀಮೆಎಣ್ಣೆ ಹತ್ತಿರ ಸುಳಿಯಬಾರದು. ಒಂದು ಬಗೆಯ ಕ್ಲೋರಿನ್ ಪುಡಿ ತುಂಬಿದ್ದ ಡಬ್ಬಿಗೆ ಇನ್ನೊಂದು ಬಗೆಯದನ್ನು ತುಂಬಬಾರದು, ಸಿಡಿಯುತ್ತದೆ. ಇಷ್ಟನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬೇಕು. ಅಂಗಡಿಯಲ್ಲಿ ಇಷ್ಟು ವರ್ಷ ಬರಿಗೈಯಲ್ಲಿ, ಹಳೇ ಟೀ ಲೋಟದಲ್ಲಿ ಬ್ಲೀಚಿಂಗ್ ಪೌಡರ್ ಅಳೆದವಳು ನಾನು. ಮೊದಲ ವಾರ ಅವರ ಮಾತು ಕೇಳುತ್ತ ಅಂಗಡಿಯಲ್ಲಿ ಮಾಡಿದ್ದನ್ನೆಲ್ಲ ಎಣಿಸುತ್ತಿದ್ದೆ.

ಹೋದ ಗುರುವಾರ ಅವರು ಗ್ಯಾಸಿನ ಪಾಠ ತೆಗೆದುಕೊಂಡರು. “ಹೈಪೋ ಮೇಲೆ ಆಸಿಡ್ ಬಿತ್ತು ಅಂದ್ರೆ ಒಳಗಿರೋ ಕ್ಲೋರಿನ್ ಎಲ್ಲಾ ಗ್ಯಾಸಾಗಿ ಎದ್ಬುಡ್ತದೆ. ಗಾಳಿಗಿಂತ ಭಾರ, ಮೇಲೆ ಹೋಗಲ್ಲ, ನೆಲದ ಮೇಲೇ ಹಬ್ತದೆ. ಬಗ್ಗಿ ನೆಲ ಉಜ್ಜೋರ ಮೂಗಿಗೇ ಮೊದ್ಲು. ಬಕೆಟ್ ಎತ್ತಕ್ಕೆ ಹೋಗ್ಬೇಡಿ, ನೀರು ಸುರಿಯಕ್ಕೆ ಹೋಗ್ಬೇಡಿ. ಬಟ್ಟೆ ಕಟ್ಕೊಂಡ್ರೆ ಗ್ಯಾಸು ನಿಲ್ಲಲ್ಲ. ಎದ್ದು ಬಯಲಿಗೆ ಓಡಿ, ಎತ್ತರಕ್ಕೆ ಹೋಗಿ. ಬಟ್ಟೆ ಬದಲಿಸಿ, ಕಣ್ಣಿಗೆ ಕಾಲು ಗಂಟೆ ನೀರು ಬಿಡಿ. ಏನೂ ಆಗಿಲ್ಲ ಅನ್ನಿಸಿದ್ರೂ ಆಸ್ಪತ್ರೆಗೆ ಹೋಗಿ, ಆರೇಳು ಗಂಟೆ ಆದ್ಮೇಲೂ ಶ್ವಾಸಕೋಶಕ್ಕೆ ನೀರು ತುಂಬ್ಕೊಳ್ತದೆ.” ಇಷ್ಟು ಹೇಳಿ, ಉದಾಹರಣೆಗೆಂದು ಒಂದು ಕಥೆ ತೆಗೆದರು. ವಿಜಯನಗರದಲ್ಲಿ ಒಬ್ಬ ಹೆಂಗಸು ಬೇಗ ಬೆಳ್ಳಗಾಗಲಿ ಎಂದು ಎರಡನ್ನೂ ಸೇರಿಸಿ ಸುರಿದಳಂತೆ. “ಸಾರಿಗೆ ಹುಳಿ ಹಿಂಡ್ದಂಗೆ!” ಎಂದರು. ಎಲ್ಲರೂ ನಕ್ಕರು. ನನ್ನ ಪಕ್ಕದವಳು ನನ್ನ ತೊಡೆ ತಟ್ಟಿ ನಕ್ಕಳು.

ನಾನು ಎದ್ದು ನಿಂತದ್ದು ನನಗೇ ತಿಳಿಯಲಿಲ್ಲ. “ಸಾರ್, ಅವ್ರು ಬೆರೆಸ್ಲಿಲ್ಲ. ನಾನು ಆಸಿಡ್ ಕ್ಯಾನಿಗೆ ಹೈಪೋ ಮುಚ್ಚಳ ಹಾಕಿದ್ದೆ” ಎಂದೆ. ಅವರು ಪಾಠ ನಿಲ್ಲಿಸಿ ಎಲ್ಲರನ್ನೂ ಕಳಿಸಿದರು. ಕೆಲಸ ಹೋಯಿತು ಅಂದುಕೊಂಡೆ. ಅವರು ನನ್ನ ಮುಂದೆ ಸ್ಟೂಲ್ ಎಳೆದುಕೊಂಡು ಕೂತರು. “ಆಯಮ್ಮಂಗೆ ಹೇಳಿದ್ದೀಯಾ?” ಎಂದರು. ಇಲ್ಲ ಎಂದೆ. “ಮತ್ತೆ ನನಗೆ ಹೇಳಿ ಏನಮ್ಮ ಉಪಯೋಗ? ನಾನೇನು ಅವ್ಳಾ?” ಎಂದು ಎದ್ದು ಹೋದರು. ಬೈದಿದ್ದರೆ ವಾಸಿಯಿತ್ತು.

ಶುಕ್ರವಾರ ಸಂಜೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಪ್ಪನಿಗೆ ಹೇಳಿದೆ. ಅವರು ಡ್ರಮ್ಮಿನ ಕೊಳಾಯಿ ತಿರುಗಿಸುತ್ತಿದ್ದವರು ತಲೆ ಎತ್ತಲಿಲ್ಲ. ಕ್ಯಾನು ತುಂಬಿ, ಮುಚ್ಚಳ ಬಿಗಿ ಮಾಡಿ, “ನನಗೆ ಅವತ್ತೇ ಗೊತ್ತಿತ್ತು ಕಣೇ” ಎಂದರು. ಅವಘಡದ ದಿನ ಸಂಜೆ ಅವರು ಅಪಾರ್ಟ್‌ಮೆಂಟಿಗೆ ಹೋಗಿದ್ದು ದೇವಿರಮ್ಮನ ವಿಷಯ ವಿಚಾರಿಸಲು ಮಾತ್ರ ಅಲ್ಲವಂತೆ. ಎಂದಿನಂತೆ ಹಳೆಯ ಕ್ಯಾನುಗಳನ್ನು ವಾಪಸು ತರುವ ನೆವದಲ್ಲಿ ಆ ನೀಲಿ ಮುಚ್ಚಳದ ಕ್ಯಾನನ್ನೂ ತಂದರು. ಮುಚ್ಚಳ ತೆಗೆದು ಮೂಸಿ ನೋಡಿದರು, ಉಳಿದಿದ್ದ ಆಸಿಡನ್ನು ಡ್ರಮ್ಮಿಗೆ ಹೊಯ್ದು ಕ್ಯಾನನ್ನು ಒಡೆದು ಹಾಕಿದರು. “ನೀನು ಹೆಣ್ಣುಮಗು, ಆಗ ಹದಿನೆಂಟು ವರ್ಷ. ಪೊಲೀಸ್ ಸ್ಟೇಷನ್ನಿಗೆ ಹತ್ತಿಸ್ಲಾ? ಕೊಟ್ಟು ಬಂದೋನು ನಾನು, ಇದ್ರಲ್ಲಿ ನನ್ ಕೈಯೂ ಇದೆ” ಎಂದರು. ಒಂದೇ ಕೋಣೆಯಲ್ಲಿ ಒಂದೂವರೆ ವರ್ಷ ಅಕ್ಕ, ಒಬ್ಬರಿಗೊಬ್ಬರು ಕ್ಯಾನು ಕೊಟ್ಟು ತೆಗೆದುಕೊಂಡು, ಇಬ್ಬರೂ ಅದನ್ನೇ ನುಂಗಿಕೊಂಡು ಕೂತಿದ್ದೆವು. ಮುಚ್ಚಳದ ಬಣ್ಣವನ್ನು ಮಾತ್ರ ಇಬ್ಬರೂ ಎರಡೆರಡು ಸಲ ನೋಡುತ್ತಿದ್ದೆವು.

ದೇವಿರಮ್ಮನನ್ನು ಹುಡುಕಿ ಹೇಳುತ್ತೇನೆ ಎಂದಾಗ ಅಪ್ಪನ ದನಿ ಏರಿತು. ಅಂಗಡಿಗೆ ಬೀಗ ಬೀಳುತ್ತದೆ, ಮೊಹಲ್ಲಾದಲ್ಲಿ ತಲೆ ಎತ್ತುವ ಹಾಗಿಲ್ಲ ಎಂದರು. ನಾನು ಅದಕ್ಕೆ ಬಗ್ಗಲಿಲ್ಲ. ಆಮೇಲೆ ದನಿ ಇಳಿಸಿ ನಿನ್ನ ಹೆಸರು ತೆಗೆದರು. “ಮೇ ತಿಂಗಳಲ್ಲಿ ಸ್ವೀಟಿ ಸಿಸ್ಟರ್ ಆಗೋ ಮೊದಲ ವ್ರತ ತಗೋತಾಳೆ. ಆ ಆಸ್ಪತ್ರೆ ಪತ್ರ ಅವಳ ಕೈಬರಹ. ಈಗ ಎಬ್ಬಿಸಿದ್ರೆ ಅವಳನ್ನೂ ಕರೆಸಿ ಕೇಳ್ತಾರೆ. ಅವಳ ದಿನ ಹಾಳು ಮಾಡ್ಬೇಡ ಕಣೇ. ವ್ರತ ಮುಗೀಲಿ, ನಾನೇ ನಿನ್ ಜೊತೆ ಬರ್ತೀನಿ.” ಅಪ್ಪ ನನ್ನ ಮುಂದೆ ಕಣ್ಣೊರೆಸಿಕೊಂಡದ್ದನ್ನು ನಾನು ಎಂದೂ ಕಂಡಿರಲಿಲ್ಲ. ಆಯಿತು ಎಂದೆ. ಹಾಗೆಂದು ತೀರ್ಮಾನವಾಗಿದೆ. ಎರಡು ತಿಂಗಳು ತಾನೇ ಎಂದು ನಿನ್ನೆಯಿಂದ ಹೇಳಿಕೊಳ್ಳುತ್ತಿದ್ದೇನೆ. ಕ್ಯಾನನ್ನು ಇವತ್ತೇ ಯಾರು ಬಿಚ್ಚುತ್ತಾರೆ ಎಂದು ಅವತ್ತು ಮೂರು ಗಂಟೆ ಕೂತಿದ್ದೆನಲ್ಲ, ಹಾಗೇ.

ನಿನ್ನನ್ನು ಕೇಳುವುದು ಒಂದೇ. ಆ ಹಾಳೆಯಲ್ಲಿರುವುದು ಸುಳ್ಳು ಎಂದು ಈಗ ನಿನಗೆ ಗೊತ್ತಾಯಿತು. ಮುಂದೆ ಯಾರಾದರೂ ಬಂದು ಕೇಳಿದರೆ ನನ್ನನ್ನಾಗಲಿ ಅಪ್ಪನನ್ನಾಗಲಿ ಉಳಿಸಲು ಹೋಗಬೇಡ. ದೇವಿರಮ್ಮ ಮೂರು ಸಲ ನೀಲಿ ಮುಚ್ಚಳ ಎಂದದ್ದನ್ನು ನೀನು ಕಿವಿಯಾರೆ ಕೇಳಿದ್ದೀಯ. ಅಷ್ಟನ್ನು ಹೇಳು, ಸಾಕು. ಅಮ್ಮನಿಗೆ ಇನ್ನೂ ಏನೂ ಹೇಳಿಲ್ಲ. ಏನೋ ನಡೆದಿದೆ ಎಂದು ಅವಳಿಗೆ ವಾಸನೆ ಹತ್ತಿದೆ. ನಿನ್ನೆಯಿಂದ ಅಪ್ಪನಿಗೂ ನನಗೂ ಒಂದೇ ತಟ್ಟೆಯಲ್ಲಿ ಬಡಿಸುತ್ತಿದ್ದಾಳೆ, ಜಗಳ ಬಿಡಿಸುವ ಅವಳ ಹಳೆಯ ದಾರಿ.

ಬೆಚ್ಚಗಿರು. ಕೋಪ ಬಂದರೆ ಬೈದು ಬರೆ, ಮದರ್ ಅನುಮತಿ ಕೊಡುತ್ತಾರೆಂದು ನಂಬಿದ್ದೇನೆ. ಅವರಿಗೆ ನನ್ನ ವಂದನೆಗಳು. ನಿನ್ನ ಪ್ರಾರ್ಥನೆಯಲ್ಲಿ ನನಗಿಂತ ಮೊದಲು ದೇವಿರಮ್ಮನ ಹೆಸರಿರಲಿ.

ನಿನ್ನ ತಂಗಿ,
ಜೆನ್ನಿ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಫೋನ್ ಬಂತು. ದೇವಿರಮ್ಮನ ತಮ್ಮ ಚೆಲುವರಾಜು. ಗೋವಿಂದರಾಜು ಅವರನ್ನು ಕಾಡಿ ಬೇಡಿ ನಂಬರು ಪಡೆದು, ದೇವಿರಮ್ಮ ಹೇಗಿದ್ದಾರೆಂದಾದರೂ ತಿಳಿಯಲೆಂದು ನಿನ್ನೆ ಮಾಡಿದ್ದೆ, ಆಗ ಎತ್ತಿರಲಿಲ್ಲ. ದೇವಿರಮ್ಮ ಬನ್ನೂರಿನ ಹತ್ತಿರ ಈ ತಮ್ಮನ ಮನೆಯಲ್ಲೇ ಇದ್ದಾರೆ. ಹತ್ತು ಹೆಜ್ಜೆಗೆ ಉಸಿರು ಕಟ್ಟುತ್ತದಂತೆ. ಅದಕ್ಕಿಂತ ಮನಸ್ಸಿಗೆ ನಾಟಿದ್ದು ಚೆಲುವರಾಜು ಹೇಳಿದ ಈ ಮಾತು: “ನಮ್ಮಕ್ಕ ಒಲೆ ಹತ್ರ ಬರಾಕಿಲ್ಲ ಕಣಮ್ಮ. ಉಪ್ಪು ಹಾಕು ಅಂದ್ರೂ ಕೈ ಹಿಂದಕ್ಕೆ ಎಳ್ಕೋತಾಳೆ, ಏನ್ ಬೆರೆಸ್ಬುಡ್ತೀನೋ ಅಂತಾಳೆ. ನನ್ ಹೆಂಡ್ರೂ ಅವಳ್ನ ಮಕ್ಕಳ ಹಾಲಿನ ಪಾತ್ರೆ ಮುಟ್ಟಾಕೆ ಬುಡಾಕಿಲ್ಲ.” ಎರಡು ವರ್ಷದಿಂದ ಆ ಹೆಂಗಸು ತನ್ನ ಕೈಯನ್ನೇ ನಂಬುತ್ತಿಲ್ಲ. ಮೇ ತನಕ ಆಗುವುದಿಲ್ಲ ಎಂದು ಈಗಷ್ಟೇ ಕೆಳಗಿಳಿದು ಅಪ್ಪನಿಗೆ ಹೇಳಿ ಬಂದೆ. ಅವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ನಡೆದದ್ದನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದು ಸಹಿ ಹಾಕಿದ್ದೇನೆ, ಅದು ದೇವಿರಮ್ಮನ ಕೈಗೆ. ಅದನ್ನು ಅವರು ಯಾರಿಗೆ ಬೇಕಾದರೂ ತೋರಿಸಲಿ. ನಾಳೆ ಬೆಳಿಗ್ಗೆ ಆರೂವರೆಯ ಬನ್ನೂರು ಬಸ್ಸಿಗೆ ಹೊರಡುತ್ತಿದ್ದೇನೆ.